ಬಾಗಿಲು ಮುಚ್ಚಿದ ವರ್ಷದ ಓದು

(ಮಧುಗಿರಿಯಲ್ಲಿ ಮಿಲ್ಲು ಕೆಲಸಗಾರರೂ ಸಣ್ಣ ವರ್ತಕರೂ ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳು)



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳನ್ನು ಕೂಡಿಸಿ ವಿದ್ಯಾ ಇಲಾಖೆಯವರು ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ಕರೆಯುತ್ತಾರೆ. ಕಂದಾಯದ ಲೆಕ್ಕದಲ್ಲಿ ನಾವು ತುಮಕೂರಿನವರು. ಶಾಲೆಯ ಲೆಕ್ಕದಲ್ಲಿ ಮಾತ್ರ ನಮಗೆ ಬೇರೆಯದೇ ಒಂದು ಮನೆಯುಂಟು. ಮಳೆ ನಂಬಿ ಕಡಲೆಕಾಯಿ ಬಿತ್ತುವ ಸೀಮೆ ಇದು. ಇಲ್ಲಿ ಎಣ್ಣೆ ಮಿಲ್ಲಿನಲ್ಲಿ ಮೂಟೆ ಹೊರುವವರ ಮಕ್ಕಳು, ಹುಣಸೆಹಣ್ಣು ಕುಟ್ಟುವ ಕೂಲಿಯ ಹೆಂಗಸರ ಮಕ್ಕಳು, ದಿನಸಿ ಅಂಗಡಿಯವರ ಮಕ್ಕಳು ಡಾಕ್ಟರಾಗಬೇಕೆಂದು ಆಸೆಪಡುತ್ತಾರೆ. ಆ ಆಸೆ ತಪ್ಪಲ್ಲ. ಅಂಥ ಮಕ್ಕಳ ಪಾಲಿಗೆ 2020 ಮತ್ತು 2021ನೆಯ ಇಸವಿಗಳು ಏನಾದವು, ಆ ಒಂದು ವರ್ಷದಲ್ಲಿ ಅವರು ಕಳೆದುಕೊಂಡದ್ದೇನು, ಬೆಳೆದದ್ದೆಷ್ಟು, ಅದರಿಂದ ನಾವು ತಿಳಿಯಬೇಕಾದ್ದೇನು ಎಂಬುದೇ ಈ ದಿನದ ವಿಷಯ.

ನಾವು ಓದಿದ್ದು ಎಸ್.ಎಸ್.ಎಲ್.ಸಿ.ಯವರೆಗೆ. ವೈದ್ಯಶಾಸ್ತ್ರ ಬಲ್ಲವರೆಂದು ನಾವು ಹೇಳಿಕೊಳ್ಳುವುದಿಲ್ಲ. ಆದರೆ ಕೆಲವು ವರ್ಷ ಮಕ್ಕಳ ಮುಂದೆ ಸೀಮೆಸುಣ್ಣ ಹಿಡಿದು ನಿಂತವರು. ಮಗು ಪಾಠ ಒಪ್ಪಿಸುವುದಕ್ಕೂ ಪಾಠ ಅರಿಯುವುದಕ್ಕೂ ಇರುವ ವ್ಯತ್ಯಾಸ ನಮಗೆ ಗೊತ್ತು. ಆ ಅಧಿಕಾರದಿಂದ ಮಾತ್ರ ಈ ನಾಲ್ಕು ಮಾತು.

ಮೊದಲು ನಡೆದದ್ದನ್ನು ಕ್ರಮವಾಗಿ ನೆನೆಯೋಣ. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯವರು ಕೋವಿಡ್ ಜಗತ್ತಿಗೆಲ್ಲ ಹಬ್ಬಿದ ವ್ಯಾಧಿ ಎಂದು ಸಾರಿದರು. ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬೀಗ ಹಾಕಿಕೊಂಡಿತು. ಮಾರ್ಚ್ 27ರಂದು ಶಿರಾ ಸೀಮೆಯ ಹಿರಿಯರೊಬ್ಬರು ತೀರಿಕೊಂಡರು; ತುಮಕೂರು ಜಿಲ್ಲೆಗೆ ಅದೇ ಮೊದಲ ಸಾವು. ಎಲ್ಲೋ ದೂರದ ಚೀನಾ ದೇಶದ ಸುದ್ದಿ ಎಂದುಕೊಂಡಿದ್ದುದು ನಮ್ಮ ಪಕ್ಕದ ಬೀದಿಗೆ ಬಂದಿತ್ತು. ಸಂತೆ ನಿಂತಿತು. ಮಿಲ್ಲುಗಳ ಬಾಗಿಲು ಮುಚ್ಚಿತು. ಬೆಂಗಳೂರಿಗೆ ದುಡಿಯಲು ಹೋಗಿದ್ದವರು ಗಂಟು ಮೂಟೆ ಹೊತ್ತು ಊರಿಗೆ ಬಂದರು. ಮೂರು ಕಡೆ ಆಂಧ್ರ ಸುತ್ತಿಕೊಂಡಿರುವ ಪಾವಗಡದವರಿಗೆ ಗಡಿಯ ತಡೆಗಟ್ಟೆ ಎಂದರೆ ನೆಂಟರ ಮನೆಗೆ, ಆಸ್ಪತ್ರೆಗೆ, ಪೇಟೆಗೆ ಒಟ್ಟಿಗೇ ತಡೆಬಿದ್ದ ಹಾಗೆ.

ಆ ವರ್ಷದ ಫೆಬ್ರವರಿಯಲ್ಲಿ ಪ್ರಥಮ ಪಿ.ಯು. ಮುಗಿಸಿ, ವಿಜ್ಞಾನ ವಿಭಾಗದಲ್ಲಿ ದ್ವಿತೀಯ ವರ್ಷಕ್ಕೆ ಕಾಲಿಟ್ಟ ಮಕ್ಕಳನ್ನು ಕಣ್ಣ ಮುಂದೆ ತಂದುಕೊಳ್ಳಿ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ಈ ನಾಲ್ಕನ್ನೂ ಹಿಡಿದು ಡಾಕ್ಟರ್ ಓದಿನ ಹೊಸಿಲಲ್ಲಿ ನಿಂತವರು. ಅವರಿಗೆ ಕಾಲೇಜಿನ ಬಾಗಿಲು ತೆರೆದದ್ದು 2021ರ ಜನವರಿ 1ರಂದು. ಏಪ್ರಿಲ್ ಕೊನೆಯ ಹೊತ್ತಿಗೆ ಎರಡನೆಯ ಅಲೆ ಬಂದು ರಾಜ್ಯವೆಲ್ಲ ಪುನಃ ಮುಚ್ಚಿತು. ಬೆಂಚಿನ ಮೇಲೆ ಕೂತು ಮೇಷ್ಟರ ಮುಖ ನೋಡಿ ಕೇಳಿದ ಪಾಠ ನಾಲ್ಕು ತಿಂಗಳೂ ಇಲ್ಲ. ಪ್ರಯೋಗಶಾಲೆಯಲ್ಲಿ ಬ್ಯೂರೆಟ್ಟು, ಪಿಪೆಟ್ಟು ಕೈಯಲ್ಲಿ ಹಿಡಿದದ್ದು ಬೆರಳು ಮಡಿಸಿ ಎಣಿಸುವಷ್ಟು ದಿನ. ಜೂನ್ 4ರಂದು ಪರೀಕ್ಷೆಯೇ ರದ್ದಾಯಿತೆಂದು ಸರ್ಕಾರ ಹೇಳಿತು. ಜುಲೈ 20ರಂದು ಫಲಿತಾಂಶ ಬಂತು: ಎಸ್.ಎಸ್.ಎಲ್.ಸಿ. ಅಂಕಗಳಿಗೆ ಶೇಕಡಾ 45, ಪ್ರಥಮ ಪಿ.ಯು.ಗೆ 45, ಕಾಲೇಜಿನ ಒಳ ಅಂಕಕ್ಕೆ 10 ಎಂಬ ಲೆಕ್ಕದಲ್ಲಿ ಎಲ್ಲರೂ ಪಾಸು.

ಎಲ್ಲರೂ ಪಾಸು ಎಂದಾಗ ಹೋಟೆಲುಗಳಲ್ಲಿ ಕೂತವರು ನಕ್ಕರು. 'ಕೊರೊನಾ ಪಾಸು' ಎಂದು ಮಕ್ಕಳನ್ನು ಹಂಗಿಸಿದರು. ನಗುವುದಕ್ಕೆ ಮುಂಚೆ ಒಂದು ವಿಷಯ ತಿಳಿದಿರಬೇಕಿತ್ತು. ಪಿ.ಯು. ಪಠ್ಯದಲ್ಲಿ ಆ ವರ್ಷ ಶೇಕಡಾ 30ರಷ್ಟು ಕಡಿಮೆ ಮಾಡಿದ್ದರು. ಆದರೆ ಡಾಕ್ಟರ್ ಓದಿಗೆ ದಾರಿಯಾದ ನೀಟ್ ಪರೀಕ್ಷೆಯ ಪಠ್ಯದಲ್ಲಿ ಒಂದು ಸಾಲೂ ಕಡಿಮೆಯಾಗಲಿಲ್ಲ. ಆಯ್ದುಕೊಂಡು ಉತ್ತರಿಸಲು ಕೆಲವು ಪ್ರಶ್ನೆ ಹೆಚ್ಚಿಗೆ ಕೊಟ್ಟರು, ಅಷ್ಟೆ. ಕಾಲೇಜು ಕಲಿಸದೆ ಬಿಟ್ಟ ಆ ಮೂವತ್ತು ಪಾಲನ್ನು ಯಾರು ಕಲಿಸಬೇಕು? ದುಡ್ಡಿದ್ದವರ ಮಕ್ಕಳಿಗೆ ಬೆಂಗಳೂರಿನ ಕೋಚಿಂಗ್ ಕೇಂದ್ರಗಳು ಫೋನಿನಲ್ಲಿ ಕಲಿಸಿದವು. ಮಿಕ್ಕವರು ಪುಸ್ತಕವನ್ನೇ ಗುರು ಎಂದುಕೊಂಡು ತಾವೇ ಕಲಿತರು. ಪಾಸು ಸುಲಭವಾಗಿ ಬಂದಿರಬಹುದು. ಓದು ಸುಲಭವಾಗಿ ಬರಲಿಲ್ಲ.

ನಮಗೆ ತಿಳಿದ ಪಾವಗಡ ಸೀಮೆಯ ಒಬ್ಬ ಹುಡುಗಿಯ ವಿಷಯ ಹೇಳುತ್ತೇವೆ. ಹೆಸರು ಬೇಡ. ಅಂಥವರು ನಾಲ್ಕೂ ತಾಲ್ಲೂಕಿನಲ್ಲಿದ್ದಾರೆ. ನಿಮ್ಮಲ್ಲಿ ಕೆಲವರ ಮನೆಯಲ್ಲೂ ಇರಬಹುದು. ತಂದೆ ಎಣ್ಣೆ ಮಿಲ್ಲಿನಲ್ಲಿ ಹಮಾಲಿ. ಮನೆಗೆ ಇದ್ದದ್ದು ಒಂದೇ ಸ್ಮಾರ್ಟ್ ಫೋನು, ಅದೂ ಅಣ್ಣನದು. ಬೆಳಿಗ್ಗೆ ಹತ್ತಕ್ಕೆ ಪಾಠ ಇದ್ದರೆ ಅಣ್ಣನ ಕೆಲಸ ನಿಲ್ಲಬೇಕು. ಅಣ್ಣ ಕೆಲಸಕ್ಕೆ ಹೋದರೆ ಪಾಠ ನಿಲ್ಲಬೇಕು. ಮನೆಯೊಳಗೆ ಸಿಗ್ನಲ್ಲು ಸಿಗದು. ಮಾಳಿಗೆ ಹತ್ತಿ, ತಲೆಗೆ ಟವೆಲ್ಲು ಹೊದ್ದು, ಬಿಸಿಲಲ್ಲಿ ಕೂತು ಪಾಠ ಕೇಳುವಳು. ಚಿತ್ರ ಅರ್ಧಕ್ಕೆ ನಿಂತಾಗ ಮೇಷ್ಟರ ಬಾಯಿ ತೆರೆದೇ ಇರುತ್ತಿತ್ತು, ಮಾತು ಬರುತ್ತಿರಲಿಲ್ಲ. ಮೊದಲ ಎರಡು ತಿಂಗಳು ಅವಳು ಅತ್ತದ್ದೇ ಹೆಚ್ಚು ಎಂದು ಅವಳ ತಾಯಿ ಹೇಳುತ್ತಾರೆ.

ಆಮೇಲೆ ಅಳು ನಿಂತಿತು. ಹೇಗೆ ನಿಂತಿತು ಎಂಬುದನ್ನು ಗಮನಿಸಬೇಕು. ಅವಳ ಸೋದರತ್ತೆ ಊರಿನ ಆಶಾ ಕಾರ್ಯಕರ್ತೆ. ಮನೆಮನೆಗೆ ಹೋಗಿ ಜ್ವರ, ಕೆಮ್ಮು ವಿಚಾರಿಸಿ ಪಟ್ಟಿ ಬರೆಯುವುದು ಅತ್ತೆಯ ಕೆಲಸ. ಬರೆಯಲು ಕೈ ಸಾಲದೆ ಸೊಸೆಯನ್ನು ಕರೆದರು. ಹುಡುಗಿ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಬೀದಿಯಲ್ಲೇ ನಿಂತು ಪಟ್ಟಿ ಬರೆದಳು. ಅತ್ತೆಯ ಕೈಯಲ್ಲಿ ಬೆರಳಿಗೆ ಸಿಕ್ಕಿಸುವ ಒಂದು ಪುಟ್ಟ ಯಂತ್ರ ಇತ್ತು, ಆಕ್ಸಿಮೀಟರ್. ಅದು ಬೆರಳ ತುದಿಯ ಮೂಲಕ ಬೆಳಕು ಹಾಯಿಸಿ, ರಕ್ತದಲ್ಲಿರುವ ಹಿಮೋಗ್ಲೋಬಿನ್ ಎಷ್ಟು ಪಾಲು ಆಮ್ಲಜನಕ ಹೊತ್ತಿದೆ ಎಂದು ಹೇಳುತ್ತದೆ. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ 95ರಿಂದ 100. ಅದು 94ಕ್ಕಿಂತ ಕೆಳಗಿಳಿದರೆ ಆಸ್ಪತ್ರೆಗೆ ಹೋಗಬೇಕು. ಈ ರೋಗದ ಒಂದು ಮೋಸ ಏನೆಂದರೆ, ಕೆಲವರಿಗೆ ಏದುಸಿರು ಕಾಣಿಸಿಕೊಳ್ಳುವ ಮುಂಚೆಯೇ ಈ ಅಂಕೆ ಇಳಿದಿರುತ್ತದೆ. ರೋಗಿ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ಮಾತಾಡುತ್ತಿರುತ್ತಾನೆ. ಒಳಗೆ ಉಸಿರಿನ ಬಂಡವಾಳ ಕರಗುತ್ತಿರುತ್ತದೆ.

ಹುಡುಗಿ ಪ್ರಥಮ ಪಿ.ಯು.ನಲ್ಲಿ ಉಸಿರಾಟದ ಪಾಠ ಓದಿದ್ದಳು. ಒಂದು ಹಿಮೋಗ್ಲೋಬಿನ್ ಅಣು ನಾಲ್ಕು ಆಮ್ಲಜನಕದ ಅಣುಗಳನ್ನು ಹೊರುತ್ತದೆ ಎಂದು ಬಾಯಿಪಾಠ ಮಾಡಿ ಅಂಕ ಪಡೆದಿದ್ದಳು. ಆ ಮಾತಿನ ಅರ್ಥ ಅವಳಿಗೆ ಆದದ್ದು ನೆರೆಮನೆಯ ಅಜ್ಜನ ಬೆರಳಿನಲ್ಲಿ 89 ಎಂಬ ಅಂಕೆ ಕಂಡ ದಿನ. ಅಜ್ಜ ಏನೂ ಆಗಿಲ್ಲ ಎನ್ನುತ್ತಾನೆ; ಮಕ್ಕಳು ಬೆಳಿಗ್ಗೆ ನೋಡೋಣ ಎನ್ನುತ್ತಾರೆ. ಹುಡುಗಿ ಬಿಡಲಿಲ್ಲ. ತಂದೆಯ ಮೂಟೆಯ ಲೆಕ್ಕದಲ್ಲೇ ತಿಳಿಸಿದಳು: 'ನೂರು ಕೂಲಿಯವರು ಬರಬೇಕಾದ ಕಡೆ ಎಂಬತ್ತೊಂಬತ್ತು ಜನ ಬಂದಿದ್ದಾರೆ. ಹೊತ್ತು ಕಳೆದ ಹಾಗೆ ಇನ್ನೂ ಕಡಿಮೆ ಬರುತ್ತಾರೆ. ಮೂಟೆ ಅಲ್ಲೇ ಉಳಿಯುತ್ತದೆ.' ಆ ರಾತ್ರಿಯೇ ಗಾಡಿ ಮಾಡಿ ಕರೆದುಕೊಂಡು ಹೋದರು. ಅಜ್ಜ ಬದುಕಿದರು. ಬದುಕದೆ ಹೋದವರೂ ಅದೇ ಬೀದಿಯಲ್ಲಿದ್ದರು. ಅವರ ಹೆಸರುಗಳೂ ಅವಳ ಪಟ್ಟಿಯಲ್ಲಿವೆ.

ಬಂಧುಗಳೇ, ನಾವು ಬೆಳವಣಿಗೆ ಎನ್ನುವುದು ಇದನ್ನು. ಎತ್ತರ ಬೆಳೆಯುವುದು ಬೇರೆ, ಅಂಕ ಬೆಳೆಯುವುದು ಬೇರೆ. ಪುಸ್ತಕದಲ್ಲಿ ಓದಿದ್ದನ್ನು ಮನುಷ್ಯನ ಮೈಯಲ್ಲಿ ಗುರುತಿಸಿ, ಅದನ್ನು ಓದಿಲ್ಲದವರಿಗೆ ಅವರ ಭಾಷೆಯಲ್ಲೇ ತಿಳಿಸಿ, ಸಮಯಕ್ಕೆ ಸರಿಯಾಗಿ ಹಟ ಹಿಡಿಯುವ ಧೈರ್ಯ ಬಂತಲ್ಲ, ಅದು ವೈದ್ಯರ ಮೊದಲ ಗುಣ. ಪಾವಗಡದಲ್ಲಿ ಮನೆಯಲ್ಲಿ ತೆಲುಗು ಆಡುವವರು ಎಷ್ಟೋ ಮಂದಿ. ಅವರ ಮನೆ ಮುಂದೆ ನಿಂತು ತೆಲುಗಿನಲ್ಲಿ ಹೇಳಿದಳು. ಕನ್ನಡದವರಿಗೆ ಕನ್ನಡದಲ್ಲಿ ಹೇಳಿದಳು. ಇದಕ್ಕೆ ಯಾವ ಪ್ರವೇಶ ಪರೀಕ್ಷೆಯಲ್ಲೂ ಅಂಕವಿಲ್ಲ.

ಇನ್ನೂ ಎರಡು ಸಂಗತಿ ಆ ವರ್ಷ ಇಂಥ ಮಕ್ಕಳಿಗೆ ಕಣ್ಣಿಗೆ ಕಟ್ಟಿದ ಹಾಗೆ ತಿಳಿದವು. ಒಂದು ಸೋಪಿನದು. ವೈರಸ್ಸಿನ ಮೈಮೇಲೆ ಜಿಡ್ಡಿನ ಒಂದು ಹೊದಿಕೆ ಇದೆ. ಸೋಪಿನ ಕಣಕ್ಕೆ ಎರಡು ತುದಿ; ಒಂದು ನೀರನ್ನು ಹಿಡಿಯುತ್ತದೆ, ಇನ್ನೊಂದು ಜಿಡ್ಡನ್ನು ಹಿಡಿಯುತ್ತದೆ. ಎರಡೂ ಎಳೆದಾಗ ಹೊದಿಕೆ ಹರಿದು ವೈರಸ್ಸು ಸಾಯುತ್ತದೆ. ಸೋಪು ಮಾಡುವುದು ಎಣ್ಣೆಯಿಂದಲೇ ಎಂಬುದು ಎಣ್ಣೆ ಮಿಲ್ಲಿನ ನಿಮಗೆ ಹೇಳಿಕೊಡಬೇಕಾಗಿಲ್ಲ. ಎರಡನೆಯದು ಲೆಕ್ಕದ್ದು. ಒಬ್ಬರಿಂದ ಇಬ್ಬರಿಗೆ, ಇಬ್ಬರಿಂದ ನಾಲ್ವರಿಗೆ ಎಂದು ಹತ್ತು ಸಲ ಇಮ್ಮಡಿಯಾದರೆ 1024. ಬಡ್ಡಿಗೆ ಬಡ್ಡಿ ಕೂಡುವ ಲೇವಾದೇವಿಯ ಲೆಕ್ಕ ಬಲ್ಲ ವರ್ತಕರಿಗೆ ಇದು ಬೇಗ ಅರ್ಥವಾಗುತ್ತದೆ. 2021ರ ಮೇ 5ರಂದು ಕರ್ನಾಟಕದಲ್ಲಿ ಒಂದೇ ದಿನ 50,112 ಮಂದಿಗೆ ಸೋಂಕು ಕಂಡದ್ದು ಈ ಇಮ್ಮಡಿಯ ಕೆಲಸವೇ. ಇಂಥ ವಿಜ್ಞಾನವನ್ನು ಮನೆಯ ಹಿರಿಯರಿಗೆ ಹೇಳಿಕೊಟ್ಟವರು ನಮ್ಮ ಮಕ್ಕಳು. ಅದುವರೆಗೆ ಹಿರಿಯರು ಹೇಳುವುದು, ಮಕ್ಕಳು ಕೇಳುವುದು ಎಂದಿತ್ತು. ಆ ವರ್ಷ ಅದು ತಿರುಗಿತು. ಕೇಳಿದ ಮನೆಗಳು ಉಳಿದವು.

ಇಲ್ಲಿ ಒಂದು ಎಚ್ಚರಿಕೆ ಹೇಳದಿದ್ದರೆ ನಮ್ಮ ಮಾತು ಅರ್ಧವಾಗುತ್ತದೆ. ಕಷ್ಟ ಮನುಷ್ಯನನ್ನು ಬೆಳೆಸುತ್ತದೆ ಎಂದು ಹೊಟ್ಟೆ ತುಂಬಿದವರು ಉಪದೇಶ ಮಾಡುವುದುಂಟು. ಕೋವಿಡ್ ಬಂದದ್ದರಿಂದ ಮಕ್ಕಳು ಗಟ್ಟಿಯಾದರು ಎಂದು ಈಗ ಬರೆಯುವವರೂ ಇದ್ದಾರೆ. ರೋಗ ಯಾರನ್ನೂ ಬೆಳೆಸಲಿಲ್ಲ. ಆ ಹುಡುಗಿಯನ್ನು ಬೆಳೆಸಿದ್ದು ಅವಳ ಅತ್ತೆಯ ಕೆಲಸ, ಅಣ್ಣ ಬಿಟ್ಟುಕೊಟ್ಟ ಫೋನು, ಗಂಡುಮಗನಿಗೆ ಮೊದಲು ಎನ್ನದ ತಾಯಿ, ಮೊದಲೇ ಕಲಿಸಿಟ್ಟಿದ್ದ ಸರ್ಕಾರಿ ಶಾಲೆಯ ಮೇಷ್ಟರು. ಇವರಲ್ಲಿ ಒಬ್ಬರು ಇಲ್ಲದಿದ್ದರೂ ಅವಳು ಮಾಳಿಗೆಯಿಂದ ಇಳಿದು ಒಲೆಯ ಮುಂದೆ ಕೂರುತ್ತಿದ್ದಳು. ಹಾಗೆ ಇಳಿದವರು ಇದ್ದಾರೆ. ಆ ವರ್ಷ ಕೂಲಿಗೆ ಹೋದ ಹುಡುಗ ಪುನಃ ಪುಸ್ತಕ ಹಿಡಿಯಲಿಲ್ಲ. ಖರ್ಚು ಕಡಿಮೆಯೆಂದು ಮನೆಯ ಮುಂದೆ ಹತ್ತು ಜನರನ್ನು ಸೇರಿಸಿ ಮದುವೆ ಮಾಡಿಕೊಟ್ಟ ಹುಡುಗಿ ಕಾಲೇಜಿಗೆ ಬರಲಿಲ್ಲ. ಬೆಳೆದ ಒಂದು ಮಗುವನ್ನು ತೋರಿಸಿ ಬಾಡಿದ ಮಕ್ಕಳನ್ನು ಮರೆಯುವುದು ನ್ಯಾಯವಲ್ಲ.

ಆಶಾ ಕಾರ್ಯಕರ್ತೆಯರನ್ನೇ ನೋಡಿ. ಅವರ ಮೇಲೆ ಹೂವು ಎರಚಿದರು, ತಟ್ಟೆ ಬಡಿದರು. ಅದೇ ವರ್ಷ, 2020ರ ಜುಲೈ 10ರಿಂದ, ರಾಜ್ಯದ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12 ಸಾವಿರ ರೂಪಾಯಿ ಗೌರವಧನ ಮತ್ತು ತಕ್ಕ ರಕ್ಷಣಾ ಸಾಮಗ್ರಿ ಕೊಡಿರೆಂದು ಮುಷ್ಕರ ಹೂಡಬೇಕಾಯಿತು. 2021ರ ಮೇ ತಿಂಗಳ ಮೊದಲ ವಾರ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ಒಂದು ದಿನದೊಳಗೆ 24 ರೋಗಿಗಳು ಸತ್ತ ಸುದ್ದಿ ರಾಜ್ಯವನ್ನೆಲ್ಲ ನಡುಗಿಸಿತು. ಹಿಮೋಗ್ಲೋಬಿನ್ ಹೊರಲು ಸಿದ್ಧವಾಗಿತ್ತು. ಹೊರುವ ಸರಕೇ ಇರಲಿಲ್ಲ. ಡಾಕ್ಟರಾಗಬೇಕೆಂದಿದ್ದ ಮಕ್ಕಳು ಆ ದಿನ ಇನ್ನೊಂದು ಪಾಠ ಕಲಿತರು. ಔಷಧ ಬಲ್ಲವರಿದ್ದರೆ ಸಾಲದು. ಲಾರಿ, ಸಿಲಿಂಡರು, ಹಣ, ಆಡಳಿತ ಎಲ್ಲವೂ ಸಮಯಕ್ಕೆ ಕೂಡಿದರೆ ಮಾತ್ರ ಒಬ್ಬ ರೋಗಿ ಉಸಿರಾಡುತ್ತಾನೆ.

ನಮ್ಮ ಹಿರಿಯರಿಗೆ ಇದು ಹೊಸದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು ಮೈಸೂರು ಸೀಮೆಗೆ ಹರಡಿದಾಗ ಜನ ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಬಾಳಿದರು. ಪ್ಲೇಗಿನಮ್ಮನಿಗೆ ಗುಡಿ ಕಟ್ಟಿದರು. 1918ರಲ್ಲಿ ಇನ್‌ಫ್ಲುಯೆಂಜಾ ಬಂದಾಗ ಅಟ್ಟಹಾಸಕ್ಕೆ ಮಿತಿಯೇ ಇರಲಿಲ್ಲ. ಆಗ ರೋಗ ಏಕೆ ಬರುತ್ತದೆಂದು ಹಳ್ಳಿಯಲ್ಲಿ ಹೇಳಬಲ್ಲ ಒಬ್ಬ ಹುಡುಗಿ ಇರಲಿಲ್ಲ. 2020ರಲ್ಲಿ ಇದ್ದಳು. ನೂರು ವರ್ಷದಲ್ಲಿ ನಾವು ಗಳಿಸಿದ್ದು ಅದು. ಆ ಗಳಿಕೆಯನ್ನು ಮುಂದೆ ಏನು ಮಾಡಿದೆವು ಎಂಬುದೇ ಪ್ರಶ್ನೆ.

ಈಗ ಸೀಟಿನ ವಿಷಯಕ್ಕೆ ಬರೋಣ. 2021ರ ಸೆಪ್ಟೆಂಬರ್ 12ರಂದು ನೀಟ್ ನಡೆಯಿತು. ಹಾಜರಾದವರು ಸುಮಾರು 15 ಲಕ್ಷ 44 ಸಾವಿರ. ಅರ್ಹರೆಂದು ಹೇಳಿಸಿಕೊಂಡವರು ಸುಮಾರು 8 ಲಕ್ಷ 70 ಸಾವಿರ. ದೇಶದಲ್ಲಿ ಆಗ ಇದ್ದ ಎಂ.ಬಿ.ಬಿ.ಎಸ್. ಸೀಟು ಒಂದು ಲಕ್ಷಕ್ಕೂ ಕಡಿಮೆ. ಅದರಲ್ಲಿ ಸುಮಾರು ಅರ್ಧ ಖಾಸಗಿ ಕಾಲೇಜುಗಳದು. ಬರೆದ ಹದಿನೈದು ಮಕ್ಕಳಲ್ಲಿ ಒಬ್ಬರಿಗೂ ಸೀಟಿಲ್ಲ. ನಮ್ಮಂಥವರ ಕೈಗೆಟುಕುವ ಸರ್ಕಾರಿ ಸೀಟು ಮೂವತ್ತರಲ್ಲಿ ಒಬ್ಬರಿಗೂ ಇಲ್ಲ. ಅಂದಮೇಲೆ ಸೀಟು ಸಿಗದ ಮಗು ದಡ್ಡ ಎನ್ನುವುದು ಲೆಕ್ಕ ಬಾರದವರ ಮಾತು. ಆ ವರ್ಷಗಳಲ್ಲಿ ತುಮಕೂರು ಜಿಲ್ಲೆಯಲ್ಲಿ ಇದ್ದ ವೈದ್ಯಕೀಯ ಕಾಲೇಜುಗಳೂ ಖಾಸಗಿಯವೇ. ಸರ್ಕಾರದ್ದು ಒಂದೂ ಇರಲಿಲ್ಲ.

ಸೀಟಿನ ಜಗಳಕ್ಕೂ ನಮ್ಮ ಜಿಲ್ಲೆಗೂ ಹಳೆಯ ನಂಟಿದೆ. ದುಡ್ಡು ಕೊಟ್ಟವರಿಗೆ ಸೀಟು ಎಂಬ ಪದ್ಧತಿಗೆ ಲಗಾಮು ಹಾಕಲು ಕರ್ನಾಟಕ 1984ರಲ್ಲಿ ಕ್ಯಾಪಿಟೇಶನ್ ಶುಲ್ಕ ನಿಷೇಧದ ಕಾಯಿದೆಯನ್ನು ತಂದಿತು. 1989ರ ಸರ್ಕಾರಿ ಆದೇಶದ ಪ್ರಕಾರ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರರಿಗೆ 25,000, ಹೊರ ರಾಜ್ಯದವರಿಗೆ 60,000 ರೂಪಾಯಿ ಶುಲ್ಕ. ತುಮಕೂರು ಅಗಳಕೋಟೆಯ ಕಾಲೇಜಿನಲ್ಲಿ 1991ರಲ್ಲಿ ಓದಬಯಸಿದ ಮೀರತ್ತಿನ ಮೋಹಿನಿ ಜೈನ್ ಎಂಬಾಕೆ ಆ ಶುಲ್ಕ ತೆರಲಾರದೆ ಸುಪ್ರೀಂ ಕೋರ್ಟಿಗೆ ಹೋದರು. 1992ರಲ್ಲಿ ಕೋರ್ಟು, ವಿದ್ಯೆ ನಾಗರಿಕರ ಹಕ್ಕು, ಇಂಥ ಶುಲ್ಕ ಸಲ್ಲದು ಎಂದು ತೀರ್ಪಿತ್ತಿತು. ಮರುವರ್ಷವೇ ಇನ್ನೊಂದು ತೀರ್ಪಿನಲ್ಲಿ ಆ ಹಕ್ಕನ್ನು ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಮಿತಿಗೊಳಿಸಿತು. ಅಂದರೆ ವಾದ ಇನ್ನೂ ಮುಗಿದಿಲ್ಲ. ಅಂದು ದುಡ್ಡು ಕಾಲೇಜಿನ ಬಾಗಿಲಲ್ಲಿ ಕೂತಿತ್ತು. ಇಂದು ಕೋಚಿಂಗಿನ ಬಾಗಿಲಲ್ಲೂ ಕೂತಿದೆ.

ಆ ಹುಡುಗಿಗೂ ಎಂ.ಬಿ.ಬಿ.ಎಸ್. ಸೀಟು ಸಿಗಲಿಲ್ಲ. ಅರ್ಹಳಾಗಿದ್ದಳು, ಸರ್ಕಾರಿ ಸೀಟಿಗೆ ಅಂಕ ಸಾಲಲಿಲ್ಲ, ಖಾಸಗಿ ಸೀಟಿಗೆ ಹಣ ಸಾಲಲಿಲ್ಲ. ನೆಂಟರು ಬಂದು 'ಒಂದು ವರ್ಷ ಕಳೆದುಹೋಯಿತು' ಎಂದು ಕನಿಕರ ತೋರಿಸಿದರು. ಅವಳು ಬಿ.ಎಸ್ಸಿ. ನರ್ಸಿಂಗ್ ಸೇರಿದಳು. ನಾಲ್ಕು ವರ್ಷದ ಓದು. 'ಡಾಕ್ಟರಾಗಲಿಲ್ಲವೆಂದು ಬೇಸರವಿಲ್ಲವೇನಮ್ಮಾ?' ಎಂದು ನಾವು ಕೇಳಿದ್ದುಂಟು. ಅವಳು ಹೇಳಿದ್ದು ಇಷ್ಟೆ: 'ಇದೆ ಮೇಷ್ಟ್ರೇ. ಆದರೆ ಅಜ್ಜನ ಬೆರಳು ಹಿಡಿದಾಗ ನಾನು ಯಾವ ಸೀಟಿನಲ್ಲೂ ಇರಲಿಲ್ಲವಲ್ಲ.' ಬೇಸರವನ್ನು ಮುಚ್ಚಿಡದೆ, ಬೇಸರಕ್ಕೆ ಸೋಲದೆ ಮಾತಾಡುವ ಈ ಹದ ಅವಳಿಗೆ ಆ ವರ್ಷ ಬಂದದ್ದು. ಅದರಿಂದ ಅನ್ಯಾಯ ನ್ಯಾಯವಾಗುವುದಿಲ್ಲ. ಅವಳಂಥವರಿಗೆ ಸೀಟು ಸಿಗಬೇಕಿತ್ತು ಎಂದು ನಾವು ಇನ್ನೂ ಹೇಳುತ್ತೇವೆ, ಹೇಳುತ್ತಲೇ ಇರುತ್ತೇವೆ.

ಹಾಗಾದರೆ ನಾವು ಮಾಡಬೇಕಾದದ್ದೇನು? ದೊಡ್ಡ ಮಾತು ಬೇಡ. ನಮ್ಮ ಕೈಯಳತೆಯ ನಾಲ್ಕು ಕೆಲಸ ಹೇಳುತ್ತೇವೆ.

ಮೊದಲನೆಯದು, ಓದುವ ಜಾಗ. ಮಿಲ್ಲಿನ ಒಂದು ಕೋಣೆ, ವರ್ತಕರ ಸಂಘದ ಒಂದು ಮಹಡಿ, ಸಂಜೆ ಆರರಿಂದ ಹತ್ತರವರೆಗೆ ಮಕ್ಕಳಿಗೆ ಬಿಟ್ಟುಕೊಡಿ. ದೀಪ, ಬೆಂಚು, ಒಂದು ಇಂಟರ್‌ನೆಟ್ ಸಂಪರ್ಕ, ಪಿ.ಯು. ಪುಸ್ತಕಗಳ ಎರಡು ಜೊತೆ ಇದ್ದರೆ ಸಾಕು. ಮಾಳಿಗೆಯ ಬಿಸಿಲಲ್ಲಿ ಇನ್ನೊಂದು ಮಗು ಕೂರಬಾರದು.

ಎರಡನೆಯದು, ಪ್ರಮಾಣ ಪತ್ರ. ರಾಜ್ಯದ ವೃತ್ತಿ ಶಿಕ್ಷಣದ ಸೀಟು ಹಂಚಿಕೆಯಲ್ಲಿ, ಒಂದರಿಂದ ಹತ್ತನೆಯ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇಕಡಾ 15, ಅಷ್ಟೂ ತರಗತಿ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಮೀಸಲು ಉಂಟು. 2017ರಿಂದ ನೀಟ್ ಪ್ರಶ್ನೆ ಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಇದನ್ನು ತಿಳಿಯದೆ, ಕೊನೆಯ ದಿನ ಕಚೇರಿಗೆ ಓಡಿ, ಸಹಿ ಸಿಗದೆ ಹಕ್ಕು ಕಳೆದುಕೊಳ್ಳುವುದು ಬೇಡ. ಮಗು ಪಿ.ಯು. ಸೇರಿದ ದಿನವೇ ಕಾಗದ ಪತ್ರ ಸಿದ್ಧಮಾಡಿ. ಬರೆದುಕೊಡಲು ನಾವಿದ್ದೇವೆ.

ಮೂರನೆಯದು, ಇತರ ಓದುಗಳಿಗೆ ಮರ್ಯಾದೆ. ನರ್ಸು, ಪ್ರಯೋಗಶಾಲೆಯ ತಂತ್ರಜ್ಞ, ಔಷಧ ತಜ್ಞ, ಆರೋಗ್ಯ ನಿರೀಕ್ಷಕ ಇವರಿಲ್ಲದೆ ಆ ವರ್ಷ ಒಬ್ಬ ಡಾಕ್ಟರೂ ಒಂದು ಹೆಜ್ಜೆ ಇಡಲಾಗಲಿಲ್ಲ. ಡಾಕ್ಟರಾದರೆ ಹಾರ, ನರ್ಸಾದರೆ ಮೌನ ಎಂಬ ನಡತೆ ಬಿಡಬೇಕು.

ನಾಲ್ಕನೆಯದು, ಮಕ್ಕಳ ಮಾತು ಕೇಳುವುದು. ಇದಕ್ಕೆ ಕಾಸು ಖರ್ಚಿಲ್ಲ. ಎಷ್ಟು ಅಂಕ ಬಂತು ಎಂದು ಕೇಳುವ ನಾವು, ಇವತ್ತು ಏನು ತಿಳಿಯಿತು ಎಂದು ಕೇಳುವುದಿಲ್ಲ. ಆ ವರ್ಷ ಎಷ್ಟೋ ಮಕ್ಕಳು ಕೋಣೆಯಲ್ಲಿ ಒಬ್ಬರೇ ಕೂತು ಹೆದರಿದರು. ಹೇಳಿಕೊಳ್ಳಲು ಯಾರೂ ಇರಲಿಲ್ಲ. ಅಪ್ಪ ಮಿಲ್ಲು ಮುಚ್ಚಿದ ಚಿಂತೆಯಲ್ಲಿ, ಅಮ್ಮ ಅಕ್ಕಿ ರಾಗಿಯ ಚಿಂತೆಯಲ್ಲಿ. ಚಿಂತೆ ಇದ್ದದ್ದೇ. ಅದರ ನಡುವೆ ಒಂದು ಗಳಿಗೆ ಮಗುವಿನ ಪಕ್ಕ ಕೂತರೆ ಅದು ಕೋಚಿಂಗಿಗಿಂತ ದೊಡ್ಡ ಸಹಾಯ.

ಮುಂದೆಯೂ ವ್ಯಾಧಿಗಳು ಬರುತ್ತವೆ. ಯಾವ ಹೆಸರಿನಲ್ಲಿ, ಯಾವ ದಾರಿಯಲ್ಲಿ ಬರುತ್ತವೋ ಯಾರೂ ಹೇಳಲಾರರು. ಬಂದಾಗ ನಮ್ಮ ಬೀದಿಯಲ್ಲಿ ಅಂಕೆಯ ಅರ್ಥ ಬಲ್ಲ ಒಂದು ಮಗು ಇರಬೇಕು. ಆ ಮಗು ಹೇಳಿದಾಗ ಎದ್ದು ಗಾಡಿ ಕಟ್ಟುವ ಜನ ಇರಬೇಕು. ಗಾಡಿ ಹೋಗಿ ನಿಲ್ಲುವ ಕಡೆ ಹಾಸಿಗೆ, ಆಮ್ಲಜನಕ, ವೈದ್ಯರು ಇರಬೇಕು. ಮೊದಲ ಎರಡು ನಮ್ಮ ಕೆಲಸ. ಮೂರನೆಯದನ್ನು ಸರ್ಕಾರದಿಂದ ಕೇಳಿ ಪಡೆಯುವುದೂ ನಮ್ಮ ಕೆಲಸವೇ. ಓದುವ ಕೋಣೆಗೆ ಜಾಗ ಕೊಡುವವರು ಈ ಸಭೆ ಮುಗಿದ ಮೇಲೆ ಹೆಸರು ಬರೆಸಿ ಹೋಗಬೇಕೆಂದು ಕೇಳಿಕೊಂಡು ನಮ್ಮ ಮಾತು ಮುಗಿಸುತ್ತೇವೆ.